ಸಹಾಯ ಬೇಕು: ಸೊಂಟನೋವಿನ ಕ್ಲೇಮು, ತಾಳೆಯಾಗದ ದಾಖಲೆ

ಕಾರ್ಮಿಕರ ಪರಿಹಾರ ವಿಮೆಯ ಕ್ಲೇಮು ತನಿಖೆ ಮಾಡಿದವರು ದಯವಿಟ್ಟು ಗಮನಿಸಿ. ಗೋದಾಮಿನಲ್ಲಿ 25 ಕೆಜಿ ಮೂಟೆ ಎತ್ತುವಾಗ ಸೊಂಟ ಹಿಡಿಯಿತು ಎಂಬ ದೂರು. ಸೋಮವಾರ, ಪಾಳಿ ಶುರುವಾದ 10 ನಿಮಿಷಕ್ಕೆ, ಕಂಡವರಿಲ್ಲ. ಇಷ್ಟಕ್ಕೇ ಮೋಸ ಅನ್ನುವಂತಿಲ್ಲ, ಒಬ್ಬರೇ ಇದ್ದಾಗಲೂ ಪೆಟ್ಟಾಗುತ್ತದೆ.

ತೊಡಕಿರುವುದು ಮೊದಲ ಭೇಟಿಯ ವೈದ್ಯರ ಟಿಪ್ಪಣಿಯಲ್ಲಿ: ‘ಮೂರು ದಿನದಿಂದ ನೋವು’. ಮೇಲ್ವಿಚಾರಕರ ವರದಿಯಲ್ಲಿ ‘ಈಗಷ್ಟೇ’. ಎಂಆರ್‌ಐನಲ್ಲಿ ಡಿಸ್ಕ್ ಸವೆತವಿದೆ, ಆದರೆ ನೋವಿಲ್ಲದವರಲ್ಲೂ ಅದು ಸಾಮಾನ್ಯ. ಅದನ್ನು ಯಾರ ಪರವಾಗಿಯೂ ಎಳೆಯಲಾಗದು. ಹಳೆಯ ಚಿಕಿತ್ಸೆಯ ದಾಖಲೆಗೆ ಒಪ್ಪಿಗೆ ಪತ್ರ ಕಳಿಸಿದೆ, ಇನ್ನೂ ಸಹಿಯಾಗಿ ಬಂದಿಲ್ಲ.

ಸಿಸಿಟಿವಿ ಇದೆ. ಡಿವಿಆರ್ (ದೃಶ್ಯ ದಾಖಲಿಸುವ ಯಂತ್ರ) ತುಂಬಿದರೆ ಹಳೆಯದನ್ನು ಅಳಿಸಿಕೊಂಡು ಬರೆಯುತ್ತದೆಂದು ಮೂಲ ಕಡತವನ್ನೇ ಹ್ಯಾಶ್ (ಕಡತ ಬದಲಾಗಿದೆಯೇ ಎಂದು ತಿಳಿಸುವ ಡಿಜಿಟಲ್ ಗುರುತು) ಸಮೇತ ತೆಗೆದಿಟ್ಟಾಗಿದೆ. ಆದರೆ ಕ್ಯಾಮೆರಾದ ಗಡಿಯಾರ ಹಾಜರಿ ಯಂತ್ರಕ್ಕಿಂತ 7 ನಿಮಿಷ ಹಿಂದೆ. ಎರಡೂ ಪರದೆಗಳನ್ನು ಮೊಬೈಲ್ ಸಮಯದ ಜೊತೆ ಒಂದೇ ಫೋಟೋದಲ್ಲಿ ಹಿಡಿದದ್ದು ಸಾಕೇ? ಘಟನೆಯ ದಿನವೂ ಅಷ್ಟೇ ವ್ಯತ್ಯಾಸವಿತ್ತೆಂದು ತೋರಿಸುವುದು ಹೇಗೆ?

ಇನ್ನೊಂದು: ಕಾರ್ಮಿಕರ ಹೇಳಿಕೆ ರೆಕಾರ್ಡ್ ಮಾಡುವಾಗ ವೈದ್ಯರ ಆ ಟಿಪ್ಪಣಿಯನ್ನು ಮೊದಲೇ ತೋರಿಸುತ್ತೀರಾ, ಅವರೇ ಪೂರ್ತಿ ಹೇಳಿ ಮುಗಿಸಿದ ಮೇಲೋ? ಮೊದಲೇ ತೋರಿಸಿದರೆ ಉತ್ತರ ಅದಕ್ಕೆ ತಕ್ಕಂತೆ ತಿರುಗುತ್ತದೆ. ‘ಮೂರು ದಿನ’ ಎನ್ನುವುದು ಬರೆದುಕೊಂಡವರ ತಪ್ಪೂ ಆಗಿರಬಹುದು, ಅದಕ್ಕೇ ವೈದ್ಯರಿಗೆ ಲಿಖಿತವಾಗಿ ಕೇಳುವ ಪ್ರಶ್ನೆಯ ಮಾದರಿಯಿದ್ದರೆ ಹಾಕಿ.