ಎಂಡೋಸಲ್ಫಾನ್ ಬಾಧಿತರ ಮನೆಗಳಲ್ಲಿ ಸಾಕ್ಷ್ಯಚಿತ್ರ: ಅನುಭವಸ್ಥರು ಹೇಳಿ

ಪ್ರಶ್ನೆ: ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತರಾದ ಮಕ್ಕಳಿರುವ ಕಾಸರಗೋಡಿನ ಎಣ್ಮಕಜೆಯ ತಾಯಂದಿರ ಬಗ್ಗೆ 20 ನಿಮಿಷದ ಚಿತ್ರ ಮಾಡುವವರಿದ್ದೇವೆ. ಮಕ್ಕಳ ದೇಹ ತೋರಿಸುವುದಿಲ್ಲ, ನಿರೂಪಣೆಯೂ ಬೇಡ. ಎಲ್ಲಿಂದ ಶುರುಮಾಡಬೇಕು?

ಪೆರ್ಲದಿಂದ: ಮೊದಲ ಸುತ್ತಿಗೆ ಕ್ಯಾಮೆರಾ ಬೇಡ, ರೆಕಾರ್ಡರ್ ಸಾಕು. ಗೇರುತೋಟಗಳ ಮೇಲೆ ಎಂಡೋಸಲ್ಫಾನಿನ ಹೆಲಿಕಾಪ್ಟರ್ ಸಿಂಪಡಣೆ 2000ದಲ್ಲಿ ನಿಂತಿತು, ಕ್ಯಾಮೆರಾಗಳು ಬರುವುದು ನಿಂತಿಲ್ಲ. ಲೆನ್ಸ್ ಕಂಡರೆ ಮಾತು ಅರ್ಜಿಯಾಗುತ್ತದೆ: ಕಾಯಿಲೆ, ಬಾಧಿತರ ಪಟ್ಟಿ, 2017ರ ಸುಪ್ರೀಂ ಕೋರ್ಟ್ ಆದೇಶದ 5 ಲಕ್ಷ ಪರಿಹಾರ. "ಏನಾಯ್ತು" ಎನ್ನದೆ "ಬೆಳಿಗ್ಗೆ ಎದ್ದು ಮೊದಲು ಯಾವ ಕೆಲಸ" ಎಂದು ಕೇಳಿ. ಲೇಪಲ್ ಮೈಕ್ (ಬಟ್ಟೆಗೆ ಸಿಕ್ಕಿಸುವ ಪುಟ್ಟ ಮೈಕ್) ಗದ್ದದಿಂದ ಒಂದು ಗೇಣು ಕೆಳಗಿರಲಿ, 24 ಬಿಟ್, 48 ಕಿಲೋಹರ್ಟ್ಸ್, ಜೋರು ಮಾತು ರೆಕಾರ್ಡರಿನ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ದಾಟದಿರಲಿ. ಸೆರಗು ಉಜ್ಜುವ ಸದ್ದು ಆಮೇಲೆ ಹೋಗುವುದಿಲ್ಲ. ಮೈಕಿನ ಎರಡೂ ಬದಿ ಟೇಪ್ ಹಚ್ಚಿ. ಶೀಟಿನ ಮಾಡಿನ ಮೇಲೆ ಬೀಳುವ ಮಳೆಯೂ ಅಷ್ಟೆ: ಅದು ಎಲ್ಲ ಆವರ್ತನಗಳಲ್ಲಿ ಹರಡಿರುವುದರಿಂದ ಫಿಲ್ಟರ್ ಹಾಕಿದರೆ ಸ, ಶ, ತ ಕೂಡ ತೊಳೆದುಹೋಗುತ್ತವೆ. ಆಟಿಯಲ್ಲಿ (ಜೋರು ಮಳೆಯ ತುಳು ತಿಂಗಳು) ಸಂದರ್ಶನ ಇಡಬೇಡಿ. ಮಳೆ ಬೇಕಿದ್ದರೆ ಬೇರೆಯಾಗಿ ಹಿಡಿಯಿರಿ. ಪ್ರತಿ ಕೋಣೆಯ ಮೌನವನ್ನೂ 1 ನಿಮಿಷ ರೆಕಾರ್ಡ್ ಮಾಡಿಕೊಳ್ಳಿ, ತಪ್ಪದೆ.

ಬದಿಯಡ್ಕದಿಂದ: ಚಿತ್ರಗಳನ್ನು ತಾಯಂದಿರೇ ತೆಗೆಯಲಿ, ಫೋನ್ ಕೊಡಿ. ಆದರೆ ಒಂದು ದಿನಕ್ಕೆ ಕೊಟ್ಟರೆ ಮನೆಯವರೆಲ್ಲ ಸಾಲಾಗಿ ನಿಂತ ಗ್ರೂಪ್ ಫೋಟೋ ಬರುತ್ತದೆ. ಕನಿಷ್ಠ ಎರಡು ವಾರ ಇರಲಿ. ವಿಡಿಯೊಗೆ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಎಂದು ಲಾಕ್ ಮಾಡಿ, ಇಲ್ಲದಿದ್ದರೆ ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಟ್ಯೂಬ್‌ಲೈಟ್ ಮಿನುಗುತ್ತದೆ. ಫೋನುಗಳು ಫ್ರೇಮ್ ದರ ಏರಿಳಿಸುತ್ತವೆ, ಹಾಗಾಗಿ ಹತ್ತು ನಿಮಿಷದ ತುಣುಕಿನ ಕೊನೆಗೆ ತುಟಿಗೂ ದನಿಗೂ ತಾಳ ತಪ್ಪುತ್ತದೆ. ಎಡಿಟಿಂಗಿಗೆ ಮುಂಚೆ ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರಿನಲ್ಲಿ ಸ್ಥಿರ ದರಕ್ಕೆ ಬದಲಿಸಿಕೊಳ್ಳಿ.

ಮಂಜೇಶ್ವರದಿಂದ: ಫೋನ್ ಕೊಟ್ಟರೆ ಸಾಲದು, ಕತ್ತರಿಸುವ ಹಕ್ಕೂ ಕೊಡಬೇಕು. 1967ರಲ್ಲಿ ಕೆನಡಾದ ಫೋಗೋ ದ್ವೀಪದಲ್ಲಿ ಚಿತ್ರ ಮಾಡಿದವರು ಮೀನುಗಾರರ ಮಾತನ್ನು ಮೊದಲು ಅವರಿಗೇ ತೋರಿಸಿ, ಒಪ್ಪಿದ್ದನ್ನಷ್ಟೇ ಹೊರಗೆ ಒಯ್ದರು. ಹೆಬ್ಬೆಟ್ಟಿನ ಒಂದು ಕಾಗದಕ್ಕೆ ಅರ್ಥವಿಲ್ಲ. ದನಿ, ಮುಖ, ಮನೆ ಮೂರಕ್ಕೂ ಪ್ರತ್ಯೇಕ ಒಪ್ಪಿಗೆ, ಅವರ ಮನೆಮಾತಲ್ಲೇ, ರೆಕಾರ್ಡ್ ಆಗಲಿ. ಕಚ್ಚಾ ಎಡಿಟ್ ತೋರಿಸಿದ ಮೇಲೆ ಮತ್ತೊಮ್ಮೆ ಕೇಳಿ. ಅನುವಾದಕರು ಆ ಊರಿನವರೇ ಆಗಿದ್ದರೆ ಕೆಲವು ಮಾತು ಬಾಯಿಗೆ ಬರುವುದೇ ಇಲ್ಲ, ಪಕ್ಕದ ಪಂಚಾಯತಿನವರನ್ನು ಕರೆಯಿರಿ. ತುಳು ಮಾತನ್ನು ಕನ್ನಡ ಲಿಪಿಯಲ್ಲೇ ಪೂರ್ತಿ ಬರೆದುಕೊಂಡ ನಂತರ ಸಬ್‌ಟೈಟಲ್: ಎರಡೇ ಸಾಲು, ಒತ್ತಕ್ಷರ ಕತ್ತರಿಸದಷ್ಟು ಸಾಲಿನ ನಡುವೆ ಜಾಗ. ಮುಖ ಮುಚ್ಚಿ ಗೋಡೆಯ ಮೇಲಿನ ರೇಷನ್ ಕಾರ್ಡ್, ಆಸ್ಪತ್ರೆ ಚೀಟಿ ಬಿಟ್ಟರೆ ಮುಚ್ಚಿದ್ದು ವ್ಯರ್ಥ. ಒಂದೊಂದು ಶಾಟನ್ನೂ ನಿಲ್ಲಿಸಿ ನೋಡಿ.