ಹೊಲದ ಒಡ್ಡಿಗೆ ಸುಬಾಬುಲ್ ಹಚ್ಚಬೇಕಾ? ಹಚ್ಚಿದವರು ಅನುಭವ ಹೇಳ್ರಿ

ನಮ್ದು ಆಳಂದ ಕಡೆ 4 ಎಕರೆ ಎರಿ ಹೊಲ. ತೊಗರಿ, ಹಿಂಗಾರಿ ಜೋಳ ಬಿತ್ತೀವಿ. ಮನ್ಯಾಗ 8 ಆಡು ಅವ, ಬ್ಯಾಸಿಗಿ ಬಂತಂದ್ರ ಮೇವಿಂದೇ ಚಿಂತಿ. ಒಡ್ಡಿನ ಮ್ಯಾಲ ಸುಬಾಬುಲ್ ಹಚ್ಚಿದ್ರ ಮೇವು, ಕಟಗಿ ಎರಡೂ ಆಗ್ತದ ಅಂತಾರ. ಮಗ್ಗಲ ಹೊಲದ ಕಾಕಾ ಮಾತ್ರ ‘ಬ್ಯಾಡಪ್ಪಾ, ಹೊಲಾ ಕೆಡ್ತದ’ ಅಂತಾರ. ಹಚ್ಚಿದವರು ಖರೆ ಹೇಳ್ರಿ.

ಜೇವರ್ಗಿ ಕಡಿಂದ:
ಅಣ್ಣಾ, ನಾ ಹಚ್ಚಿ 9 ವರ್ಷ ಆತು. ನಿಮ್ಮ ಕಾಕಾ ಹೇಳಿದ್ದೂ ಸುಳ್ಳಲ್ಲ.

ಮೊದಲ ಛಲೋದು ಹೇಳ್ತೀನಿ. ಎರಿ ಮಣ್ಣು ಇದಕ್ಕ ಒಗ್ತದ. ಬೇರು ಆಳಕ್ಕ ಇಳೀತದ, ಅದಕ್ಕ ಏಪ್ರಿಲ್‌ನಾಗ ಎಲ್ಲಾ ಒಣಗಿದಾಗ ಇದೊಂದು ಹಸರ ಇರ್ತದ. ತೊಗರಿಹಂಗ ಬೇರಿನ ಗಂಟಿನಾಗ ಸಾರಜನಕ ಹಿಡೀತದ, ಉದುರಿದ ಎಲಿ ಗೊಬ್ಬರ ಆಗ್ತದ. ಮೂರು ಫೂಟಿಗೆ ಕಡದ್ರ ಮತ್ತ ಚಿಗೀತದ. ಒಲಿಗೆ ಕಟಗಿ ಛಲೋ. ಬೇಲಿ ಗೂಟಕ್ಕ ಮಾತ್ರ ನಂಬಬ್ಯಾಡ್ರಿ, ಗೆದ್ದಲ ತಿಂತದ.

ನಾ ತಪ್ಪಿದ್ದು ಎರಡು ಕಡೆ. ಒಂದು ಬರದ ವರ್ಷ ಕಣಕಿ ಮುಗೀತು, ಆಡಿಗೆ ತಿಂಗಳಗಟ್ಟಲೆ ಬರೇ ಸುಬಾಬುಲ್ ಹಾಕಿದೆ. ಒಂದಿನ ಆಡಿನ ಬೆನ್ನ ಮ್ಯಾಲ ಕೈ ಆಡಿಸಿದ್ರ ಕೂದಲು ಮುಷ್ಟಿಗಟ್ಟಲೆ ಕೈಗೆ ಬಂತು. ಬಾಯಾಗ ಜೊಲ್ಲು, ಮೇವಿಗೆ ಮೂತಿ ಇಡವಲ್ಲವು. ದನದ ಡಾಕ್ಟರು ಬಂದು, ಎಲಿಯೊಳಗ ಮಿಮೋಸಿನ್ ಅಂತ ವಿಷದ ಅಂಶ ಇರ್ತದ ಅಂದ್ರು. ನಿಲ್ಲಿಸಿದ ಮ್ಯಾಲ ಸುಧಾರಿಸಿದವು. ಈಗ ಒಟ್ಟು ಮೇವಿನಾಗ ಮೂರನೇ ಒಂದು ಪಾಲಿಗಿಂತ ಕಮ್ಮಿ ಹಾಕ್ತೀನಿ, ಉಳಿದದ್ದು ಕಣಕಿ, ತೊಗರಿ ಹೊಟ್ಟು. ಕುದರಿ, ಮೊಲಕ್ಕಂತೂ ಹಾಕಲೇಬ್ಯಾಡ್ರಿ, ಅವಕ್ಕ ಜಾಸ್ತಿ ಬಾಧಿ.

ಎರಡನೇದು ಬೀಜ. ಆ ವರ್ಷ ಮನ್ಯಾಗ ಮದುವಿ, ಗಿಡ ಕಡೀಲಿಕ್ಕೆ ಆಗಲಿಲ್ಲ. ಕಾಯಿ ಕಂದು ಬಣ್ಣಕ್ಕ ತಿರುಗಿ, ಗಾಳಿ ಬೀಸಿದ್ರ ಗಿಲಿಗಿಲಿ ಅಂತಿದ್ವು. ಮುಂದಿನ ಮಳಿಗೆ ತೊಗರಿ ಸಾಲಿನಾಗ ಎಲ್ಲಿ ನೋಡಿದ್ರೂ ಸುಬಾಬುಲ್ ಸಸಿ. ಗೇಣುದ್ದ ಸಸಿ ಕಿತ್ತಿದ್ರ ಬೇರು ನಡುವ ತುಂಡಾಗಿ ಒಳಗೇ ಉಳೀತದ, ಮತ್ತ ಚಿಗೀತದ. ಬೀಜದ ಸಿಪ್ಪಿ ಗಟ್ಟಿ, ಮಣ್ಣಾಗ ವರ್ಷಗಟ್ಟಲೆ ಕುಂದರ್ತದ. ಇವತ್ತಿಗೂ ಕೀಳಾಕತ್ತೀನಿ. ಮಗ್ಗಲ ಹೊಲದವರ ಜೋಡಿ ಮಾತು ಬಿಟ್ಟದ್ದೂ ಇದಕ್ಕೇ, ಅದು ನನಗ ಇನ್ನೂ ಬ್ಯಾಸರ ಅದ. ಕಾಯಿ ಹಸರಿದ್ದಾಗಲೇ ಕಡೀರಿ, ಒಂದು ಸುಗ್ಗಿನೂ ಬಿಡಬ್ಯಾಡ್ರಿ.

ನೆರಳಿಂದೂ ನೋಡ್ರಿ. ಹಿಂಗಾರಿ ಕಾಲಕ್ಕ ಸೂರ್ಯ ದಕ್ಷಿಣಕ್ಕ ವಾಲಿರ್ತಾನ, ನೆರಳು ಉತ್ತರಕ್ಕ ಬೀಳ್ತದ. ದಕ್ಷಿಣದ ಒಡ್ಡಿಗೆ ಹಚ್ಚಿದ್ರ ನಿಮ್ಮದೇ ಜೋಳಕ್ಕ ಹೊಡತ, ಉತ್ತರಕ್ಕ ಹಚ್ಚಿದ್ರ ಆ ಕಡೆ ಹೊಲದವರಿಗೆ. ಉತ್ತರಕ್ಕ ದಾರಿನೋ ಹಳ್ಳನೋ ಇದ್ರ ಅಲ್ಲೇ ಹಚ್ಚೋದು ಛಲೋ. ಹಳ್ಳ ಇದ್ರ ದಂಡಿ ಬಿಟ್ಟು ಒಳಗ ಹಚ್ರಿ, ನೀರಿನ ಜೋಡಿ ಬೀಜ ಕೆಳಗಿನವರ ಹೊಲಕ್ಕ ಹೋಗ್ತದ.

ಸುರಪುರದಿಂದ:
ನಮ್ಮ ಕಡೆ ಕಾಲುವಿ ನೀರು ನಿಂತ ಹೊಲದಾಗ ಹಚ್ಚಿದ್ವಿ, ಎಲಿ ಹಳದಿಯಾಗಿ ಸತ್ತವು. ನೀರು ನಿಲ್ಲೋ ಜಾಗ ಬ್ಯಾಡ.

ಬೀದರ್‌ನಿಂದ:
ನಾವು ಸುಬಾಬುಲ್ ಬದಲಿ ಗ್ಲಿರಿಸಿಡಿಯಾ ಅನ್ನೋ ಮೇವಿನ ಗಿಡ ಹಚ್ಚೀವಿ. ಕಡ್ಡಿ ನಟ್ರೇ ಬರ್ತದ. ಹಸಿ ಎಲಿಯ ವಾಸನಿಗೆ ಆಡು ಮೊದಲ ಮೂಗು ಮುರೀತಾವ, ಒಂದಿನ ಬಾಡಿಸಿ ಹಾಕಿದ್ರ ತಿಂತಾವ. ಗೂಟಕ್ಕ, ನೇಗಿಲಕ್ಕ ಬೇಕಂದ್ರ ನಮ್ಮ ಕರಿಜಾಲಿಗಿಂತ ಬ್ಯಾರೆ ಬ್ಯಾಡ. ಕಾಯಿ ಆಡಿಗೂ ಆಗ್ತದ. ತಡ ಬೆಳೀತದ, ಮುಳ್ಳು ಅದ, ಅಷ್ಟೇ.

ಕೇಳಿದವರು:
ಎಲ್ಲಾರಿಗೂ ಶರಣು. ಉತ್ತರಕ್ಕ ಬಂಡಿ ದಾರಿ ಅದ. ಅಲ್ಲಿ ಬರೇ 20 ಸುಬಾಬುಲ್, ಉಳಿದ ಒಡ್ಡಿಗೆ ಗ್ಲಿರಿಸಿಡಿಯಾ. ಇವತ್ತು ಸಂಜಿಗೆ ಕಾಕಾನ್ನ ಕರಕೊಂಡು ಹೋಗಿ ಜಾಗ ತೋರಸ್ತೀನಿ.