ಸ್ಟಾಕ್ (ಕಂಪನಿಯಿಂದ ಬಂದ ಹಾಗೇ ಇರೋ) ಇಂಜಿನ್‌ಗೆ ಟರ್ಬೊ ಕೂರಿಸಿದರೆ ತಡೆಯುತ್ತಾ?

ಪ್ರಶ್ನೆ (ಮಂಡ್ಯದಿಂದ):
ಅಣ್ಣ, ನಮಸ್ಕಾರ. ನನ್ನದು 2012ರ ಸ್ವಿಫ್ಟ್, 1.2 ಪೆಟ್ರೋಲ್. 1.10 ಲಕ್ಷ ಕಿಲೋಮೀಟರ್ ಓಡಿದೆ. ಇಂಜಿನ್ ಒಂದು ಸಲವೂ ಬಿಚ್ಚಿಲ್ಲ. ಪರಿಚಯದವರೊಬ್ಬರು ಸೆಕೆಂಡ್‌ಹ್ಯಾಂಡ್ ಟರ್ಬೊ ಇದೆ, ಅದನ್ನು ಇಂಜಿನ್‌ಗೆ ಜೋಡಿಸೋ ಹೊಗೆ ಪೈಪ್ (ಮ್ಯಾನಿಫೋಲ್ಡ್) ಮಾಡಿಸಿ ಕೂರಿಸಿಕೊಡುತ್ತೇನೆ ಅಂತಿದ್ದಾರೆ. ಒಳಗೆ ಏನೂ ಮುಟ್ಟೋದು ಬೇಡವಂತೆ, ಬರೀ ಅರ್ಧ ಬಾರ್ ಬೂಸ್ಟ್ ಅಂತೆ. ಪಿಸ್ಟನ್, ಕನೆಕ್ಟಿಂಗ್ ರಾಡ್ ಎಲ್ಲಾ ಕಂಪನಿಯದೇ ಇದ್ದರೆ ತಡೆಯುತ್ತಾ? ದಿನಾ ಮೈಸೂರಿಗೆ ಕೆಲಸಕ್ಕೆ ಬರೋ ಗಾಡಿ ಇದು.

ಉತ್ತರ (ಇಂಜಿನ್ ಕೆಲಸದವನು, ಮೈಸೂರು):
ದಿನಾ ಕೆಲಸಕ್ಕೆ ಓಡೋ ಗಾಡಿ ಅಂದೆಯಲ್ಲ ತಮ್ಮ, ಅಲ್ಲಿಗೇ ನನ್ನ ಉತ್ತರ ಬೇಡ ಅಂತ. ಆದರೆ ಯಾಕೆ ಅಂತ ಗೊತ್ತಾಗದಿದ್ದರೆ ಆರು ತಿಂಗಳಿಗೆ ಮತ್ತೆ ಆಸೆ ಹುಟ್ಟುತ್ತದೆ. ಅದಕ್ಕೆ ಬಿಡಿಸಿ ಹೇಳುತ್ತೇನೆ.

ಈಗ ನಿನ್ನ ಇಂಜಿನ್ ಹೊರಗಿನ ಗಾಳಿಯನ್ನು ಅದರ ಒತ್ತಡದಲ್ಲೇ ಎಳೆದುಕೊಳ್ಳುತ್ತದೆ. ಅದು ಒಂದು ಬಾರ್‌ಗಿಂತ ಚೂರು ಕಮ್ಮಿ. ಬಾರ್ ಅಂದರೆ ಒತ್ತಡದ ಅಳತೆ. ಟರ್ಬೊ ಹೊಗೆಯ ರಭಸಕ್ಕೆ ತಿರುಗಿ ಇನ್ನಷ್ಟು ಗಾಳಿಯನ್ನು ಇಂಜಿನ್ ಒಳಗೆ ಒತ್ತಿ ತುಂಬುತ್ತದೆ, ಆ ಹೆಚ್ಚುವರಿ ಒತ್ತಡವೇ ಬೂಸ್ಟ್. ಅದರ ಮೇಲೆ ಅರ್ಧ ಬಾರ್ ಅಂದರೆ ಒತ್ತಡ ಒಂದೂವರೆ ಪಟ್ಟು. ನಿನ್ನ ಗಾಡಿಯ ಬೋರ್, ಅಂದರೆ ಸಿಲಿಂಡರ್ ಒಳಗಿನ ಅಗಲ, 73 ಮಿಲಿಮೀಟರ್. ಫುಲ್ ಆಕ್ಸಿಲರೇಟರ್ ಕೊಟ್ಟಾಗ ಒಳಗಿನ ಒತ್ತಡ 60 ಬಾರ್ ಅಂತಿಟ್ಟುಕೊಂಡರೂ ಪಿಸ್ಟನ್ ತಲೆ ಮೇಲೆ ಎರಡೂವರೆ ಟನ್ ಭಾರ ಬೀಳುತ್ತದೆ. ಇದು ಟರ್ಬೊ ಇಲ್ಲದಾಗಿನ ಲೆಕ್ಕ. ಎತ್ತಿನ ಗಾಡಿ ತುಂಬಾ ಕಬ್ಬು ಹೇರಿದ ಭಾರ ಅಂದುಕೋ. 6000 ಆರ್‌ಪಿಎಂನಲ್ಲಿ ಒಂದೊಂದು ಪಿಸ್ಟನ್ ಮೇಲೂ ನಿಮಿಷಕ್ಕೆ 3000 ಸಲ.

ಅಷ್ಟಾದರೂ ಬರೀ ಭಾರಕ್ಕೆ ಇಂಜಿನ್ ಸಾಯಲ್ಲ. ಕಂಪನಿಯವರು ಸ್ವಲ್ಪ ಗಟ್ಟಿಯಾಗಿಯೇ ಮಾಡಿರುತ್ತಾರೆ. ಸಾಯಿಸೋದು ನಾಕಿಂಗ್. ಕಬ್ಬಿನ ತರಗಿಗೆ ಒಂದು ಕಡೆ ಬೆಂಕಿ ಇಟ್ಟರೆ ಸಾಲು ಹಿಡಿದು ಉರಿಯುತ್ತಾ ಹೋಗುತ್ತದೆ ಅಲ್ವಾ? ಪ್ಲಗ್ ಹತ್ತಿಸಿದ ಬೆಂಕಿಯೂ ಹಾಗೇ ಹರಡಬೇಕು. ಬಿಸಿ, ಒತ್ತಡ ಮಿತಿ ಮೀರಿದರೆ ಬೆಂಕಿ ಬರೋಕೆ ಮೊದಲೇ ಮೂಲೆಯಲ್ಲಿರೋ ಪೆಟ್ರೋಲ್-ಗಾಳಿ ಮಿಶ್ರಣ ತಾನೇ ಸಿಡಿಯುತ್ತದೆ. ಹೊರಗೆ ಕೇಳಿಸೋದು ಡಬ್ಬದಲ್ಲಿ ಕಡಲೆಕಾಳು ಅಲ್ಲಾಡಿಸಿದ ಸದ್ದು. ಒಳಗೆ ಸುತ್ತಿಗೆ ಏಟು.

ಟರ್ಬೊ ಇಲ್ಲದ ಪೆಟ್ರೋಲ್ ಇಂಜಿನ್‌ಗೆ ಕಂಪ್ರೆಷನ್ (ಪಿಸ್ಟನ್ ಒಳಗಿನ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನೋ ಲೆಕ್ಕ) 10, 11 ಇಟ್ಟಿರುತ್ತಾರೆ, ಮೈಲೇಜ್ ಬರಲಿ ಅಂತ. ಅದೇ ಇಲ್ಲಿ ಶತ್ರು. ಟರ್ಬೊ ಗಾಳಿಯನ್ನು ಒತ್ತುವಾಗಲೇ ಕಾಯಿಸುತ್ತದೆ. ಹೊರಗೆ 30 ಡಿಗ್ರಿ ಇದ್ದ ಗಾಳಿ ಅರ್ಧ ಬಾರ್‌ಗೆ 80 ಡಿಗ್ರಿ ದಾಟುತ್ತದೆ. ಇಂಟರ್‌ಕೂಲರ್ (ಆ ಗಾಳಿಯನ್ನು ತಣಿಸೋ ರೇಡಿಯೇಟರ್) ಇಲ್ಲದೆ ಅದನ್ನು ಮತ್ತೆ ಹನ್ನೊಂದು ಪಟ್ಟು ಒತ್ತಿದರೆ ಏನಾಗಬಹುದು ನೀನೇ ಯೋಚಿಸು.

ಹೋದ ವರ್ಷ ಇಂಥದ್ದೇ ಒಂದು ಗಾಡಿ ನನ್ನ ಹತ್ತಿರ ಬಂತು. ಎಲ್ಲಿ ಮಾಡಿಸಿದ್ದರೋ ಹೇಳಲ್ಲ. ಓನರ್ ಹೇಳಿದ್ದು "ಸ್ವಲ್ಪ ಆಯಿಲ್ ಕುಡಿಯುತ್ತಿದೆ" ಅಂತ. ಸ್ಟಾರ್ಟ್ ಮಾಡಿ ಆಯಿಲ್ ಕ್ಯಾಪ್ ತೆಗೆದೆ. ಬುಸ್ ಬುಸ್ ಅಂತ ಹೊಗೆ. ಮೂರನೇ ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿದರೆ ಬಿಳಿ ಪಿಂಗಾಣಿ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಚುಕ್ಕೆ, ನಡುನಡುವೆ ಬೆಳ್ಳಿ ಮಿಂಚು. ಆ ಬೆಳ್ಳಿ ಏನು ಗೊತ್ತಾ? ಕರಗಿದ ಪಿಸ್ಟನ್. ಹೆಡ್ ಇಳಿಸಿ ಪಿಸ್ಟನ್ ಹೊರಗೆ ತೆಗೆದರೆ, ಅದರ ಸುತ್ತ ಕೂರೋ ಮೊದಲನೇ ಮತ್ತು ಎರಡನೇ ರಿಂಗ್ ನಡುವಿನ ಏರಿ ಬೆರಳುಗುರಿನಷ್ಟು ಅಗಲಕ್ಕೆ ಮುರಿದು ಹೋಗಿತ್ತು. ಆ ಚೂರು ಬೋರ್ ಉದ್ದಕ್ಕೂ ಗೀರಿತ್ತು. ಟರ್ಬೊ ಮಾತ್ರ ಚೆನ್ನಾಗಿತ್ತು!

ಆ ಏರಿ ಮುರಿಯೋಕೆ ಇನ್ನೊಂದು ಕಾರಣವೂ ಇದೆ, ಇದನ್ನು ಯಾರೂ ಹೇಳಲ್ಲ. ರಿಂಗ್‌ನ ಎರಡು ತುದಿ ನಡುವೆ ಸಣ್ಣ ಸಂದಿ ಬಿಟ್ಟಿರುತ್ತಾರೆ. ಟರ್ಬೊ ಇಲ್ಲದ ಇಂಜಿನ್‌ಗೆ ನಾವು ಬೋರಿನ ಒಂದು ಇಂಚಿಗೆ ಸುಮಾರು ನಾಲ್ಕು ಥೌ (ಇಂಚಿನ ಸಾವಿರದಲ್ಲಿ ನಾಲ್ಕು ಭಾಗ) ಲೆಕ್ಕ ಹಿಡಿಯುತ್ತೇವೆ. ಟರ್ಬೊಗೆ ಐದು, ಆರು. ಬಿಸಿ ಜಾಸ್ತಿಯಾದಾಗ ರಿಂಗ್ ಹಿಗ್ಗಿ ತುದಿಗೆ ತುದಿ ಮುಟ್ಟಿದರೆ ಅದಕ್ಕೆ ಹೋಗೋಕೆ ಜಾಗ ಇಲ್ಲ. ಏರಿಯನ್ನೇ ಕಿತ್ತು ಹಾಕುತ್ತದೆ. ಒಳಗೆ ಏನೂ ಮುಟ್ಟೋದು ಬೇಡ ಅಂದರು ಅಂದೆಯಲ್ಲ, ಮುಟ್ಟದೇ ಇದ್ದರೆ ಈ ಸಂದಿ ಹಾಗೇ ಉಳಿಯುತ್ತದೆ.

ರಾಡ್‌ದು ಬೇರೆ ಕಥೆ. ಟರ್ಬೊ ಹಾಕಿದ ಮೇಲೆ ನಾಲ್ಕು ಜನ ಕೂತು ಚಾಮುಂಡಿ ಬೆಟ್ಟ ಹತ್ತುವಾಗ ಗೇರ್ ಇಳಿಸದೆ 2000 ಆರ್‌ಪಿಎಂನಲ್ಲಿ ಕಾಲು ಒತ್ತಿ ಹಿಡಿದರೆ ರಾಡ್ ಬಾಗಬಹುದು. ಮಂಡ್ಯ ಹೈವೇಲಿ ಕಾಲು ಎತ್ತದೆ ಓಡಿಸಿದರೆ ಪಿಸ್ಟನ್ ಬಿಸಿ ಇಳಿಯೋಕೇ ಬಿಡಲ್ಲ. ಅಲ್ಲಿ 100 ದಾಟಿದರೆ ಕ್ಯಾಮೆರಾ ಬೇರೆ ಹಿಡಿಯುತ್ತದೆ, ಅದಕ್ಕೆ ಇಷ್ಟೆಲ್ಲಾ ಯಾಕೆ?

ಪ್ರಶ್ನೆ (ಮೈಸೂರು):
ಸರ್, ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ 20 ಪರ್ಸೆಂಟ್ ಇದೆ. ಎಥನಾಲ್‌ಗೆ ಆಕ್ಟೇನ್ (ನಾಕಿಂಗ್ ತಡೆಯೋ ಶಕ್ತಿ) ಜಾಸ್ತಿ ತಾನೇ? ನಾಕಿಂಗ್ ಕಮ್ಮಿ ಆಗಬೇಕಲ್ಲ?

ಉತ್ತರ:
ಹೌದು ಸರ್, ಎಥನಾಲ್ ನಾಕಿಂಗ್‌ಗೆ ಒಳ್ಳೆಯದೇ. ಆದರೆ ಅಷ್ಟೇ ಗಾಳಿಗೆ ಅದು ಜಾಸ್ತಿ ಬೇಕು. ಸಾದಾ ಪೆಟ್ರೋಲ್‌ಗೆ ತೂಕದ ಲೆಕ್ಕದಲ್ಲಿ ಒಂದಕ್ಕೆ ಗಾಳಿ 14.7 ಪಾಲು, ಬರೀ ಎಥನಾಲ್‌ಗೆ 9 ಪಾಲು. ಟರ್ಬೊದಿಂದ ಗಾಳಿ ಹೆಚ್ಚಾಯಿತು, ಎಥನಾಲ್‌ನಿಂದ ಇನ್ನಷ್ಟು ಇಂಧನ ಬೇಕಾಯಿತು. ಇಂಧನ ಚಿಮ್ಮಿಸೋ ಇಂಜೆಕ್ಟರ್ ಮಾತ್ರ ಹಳೆಯದೇ. ಅದು ಪೂರ್ತಿ ತೆರೆದರೂ ಸಾಲದೇ ಹೋದರೆ ಮಿಶ್ರಣ ತೆಳುವಾಗುತ್ತದೆ. ಬೂಸ್ಟ್‌ನಲ್ಲಿ ಒಂದು ಪಾಲು ಪೆಟ್ರೋಲ್‌ಗೆ ಗಾಳಿ 11.5, 12ರ ಹತ್ತಿರ, ಅಂದರೆ ದಪ್ಪಗೆ ಇರಬೇಕಾದ ಜಾಗ ಅದು. ಇನ್ನೊಂದು, ಇಂಜಿನ್‌ಗೆ ಹೋಗೋ ಗಾಳಿಯ ಒತ್ತಡ ಅಳೆಯೋ ಕಂಪನಿಯ ಮ್ಯಾಪ್ ಸೆನ್ಸರ್ ಹೊರಗಿನ ಗಾಳಿಯ ಒತ್ತಡದವರೆಗೆ ಅಳೆಯೋಕೆ ಇಟ್ಟಿದ್ದು. ಅದಕ್ಕಿಂತ ಮೇಲೆ ಹೋದರೆ ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಪಾಲಿಗೆ ಕುರುಡು. ಪ್ಲಗ್ ಕಿಡಿಯ ಟೈಮಿಂಗ್ ಎಷ್ಟು ಹಿಂದಕ್ಕೆ ಎಳೀಬೇಕು ಅಂತಲೂ ಅದಕ್ಕೆ ಸರಿಯಾಗಿ ಗೊತ್ತಾಗಲ್ಲ.

ಪ್ರಶ್ನೆ (ಶ್ರೀರಂಗಪಟ್ಟಣ):
ನಂದು ಡೀಸೆಲ್ ಸ್ವಿಫ್ಟ್, 1.3. ಕಂಪ್ರೆಷನ್ 17.6 ಅಂತೆ, ಟರ್ಬೊನೂ ಇದೆ. ಏನೂ ಆಗಿಲ್ಲವಲ್ಲ?

ಉತ್ತರ:
ಡೀಸೆಲ್‌ನಲ್ಲಿ ಒಳಗೆ ಒತ್ತೋದು ಬರೀ ಗಾಳಿ. ಇಂಧನ ಚಿಮ್ಮೋದು ಕೊನೇ ಗಳಿಗೆಯಲ್ಲಿ. ಮೊದಲೇ ಸಿಡಿಯೋಕೆ ಅಲ್ಲಿ ಮಿಶ್ರಣವೇ ಇಲ್ಲ. ಜೊತೆಗೆ ಪಿಸ್ಟನ್, ರಾಡ್ ಎಲ್ಲಾ ಆ ಭಾರಕ್ಕೇ ಮಾಡಿದ್ದು. ಎರಡನ್ನೂ ಹೋಲಿಸಬೇಡಿ.

ಪ್ರಶ್ನೆ (ಮೊದಲಿನವನೇ, ಮಂಡ್ಯ):
ಅಣ್ಣ, ಹಾಗಾದರೆ ಮಾಡಲೇಬೇಕು ಅಂದರೆ ಏನೇನು ಬೇಕು? ಕಮ್ಮಿ ಬೂಸ್ಟ್ ಇಟ್ಟರೆ?

ಉತ್ತರ:
ಕಮ್ಮಿ ಬೂಸ್ಟ್‌ನಲ್ಲಿ ಸ್ಟಾಕ್ ಇಂಜಿನ್ ಬಾಳಿಸಿದವರು ಇಲ್ಲ ಅಂತಲ್ಲ. ಅವರು ದುಡ್ಡು ಸುರಿದಿರೋದು ಟರ್ಬೊಗಲ್ಲ, ಅದರ ಸುತ್ತಮುತ್ತಲಿನದಕ್ಕೆ. ಮೊದಲು ಕಂಪ್ರೆಷನ್ ಟೆಸ್ಟ್, ನಾಲ್ಕು ಸಿಲಿಂಡರೂ ಸಮ ಇರಬೇಕು. ಆಮೇಲೆ ದೊಡ್ಡ ಇಂಜೆಕ್ಟರ್, ಪಂಪ್, ಇಂಟರ್‌ಕೂಲರ್, ಬೂಸ್ಟ್ ಓದೋ ಸೆನ್ಸರ್, ಟ್ಯೂನ್ ಮಾಡೋಕೆ ಬರೋ ಇಸಿಯು. ಮುಖ್ಯವಾಗಿ ಡೈನೊ (ಗಾಡಿಯ ಪವರ್ ಅಳೆಯೋ ಮೆಷಿನ್) ಮೇಲೆ, ಗಾಳಿ-ಇಂಧನದ ಪಾಲು ತೋರಿಸೋ ವೈಡ್‌ಬ್ಯಾಂಡ್ ಮೀಟರ್ ಇಟ್ಟುಕೊಂಡು ಟ್ಯೂನ್ ಮಾಡೋ ಮನುಷ್ಯ. ಟರ್ಬೊ ಒಂದು ಲಕ್ಷ ಆರ್‌ಪಿಎಂ ದಾಟಿ ತಿರುಗುತ್ತದೆ, ಅದಕ್ಕೆ ಆಯಿಲ್ ಹೋಗೋ ಪೈಪ್‌ಗಿಂತ ವಾಪಸ್ ಬರೋ ಪೈಪ್ ದಪ್ಪ ಇರಬೇಕು. ಕ್ಲಚ್ ಜಾರೋಕೆ ಶುರುವಾದರೆ ಅದೂ ಸೇರಿತು. ಲೆಕ್ಕ ಹಾಕಿದರೆ ಗಾಡಿ ಬೆಲೆಯ ಹತ್ತಿರ ಬರುತ್ತದೆ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ತಿದ್ದುಪಡಿ ಆದಮೇಲೆ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲ ಎರಡೂ. ಆಕ್ಸಿಡೆಂಟ್ ಆದರೆ ಇನ್ಶೂರೆನ್ಸ್‌ನವರು ಮೊದಲು ಕೇಳೋದೂ ಇದನ್ನೇ.

ಪಿಕಪ್ ಬೇಕು ಅಂದರೆ ಇದನ್ನು ಮಾರಿ ಕಂಪನಿಯೇ ಟರ್ಬೊ ಹಾಕಿದ ಸೆಕೆಂಡ್‌ಹ್ಯಾಂಡ್ ಗಾಡಿ ನೋಡು.

ಪ್ರಶ್ನೆ (ಮಂಡ್ಯ):
ಸರಿ ಅಣ್ಣ. ಆದರೆ ಟರ್ಬೊಗೆ ಆಗಲೇ ಅಡ್ವಾನ್ಸ್ ಕೊಟ್ಟುಬಿಟ್ಟಿದ್ದೀನಿ.

ಉತ್ತರ:
ವಾಪಸ್ ಕೇಳು. ಕೊಡಲ್ಲ ಅಂದರೆ ಟರ್ಬೊನೇ ಇಸ್ಕೊಂಡು ಬಾ, ಶಾಫ್ಟ್ ಎಷ್ಟು ಆಡುತ್ತೆ ನೋಡೋಣ. ಭಾನುವಾರ ಬೇಡ, ಅಂಗಡಿ ತೆಗೆಯಲ್ಲ.